‘ಹಿಯರ್’ ಮತ್ತು ‘ಲಿಸನ್’: ‘ಕೇಳು’ ಎಂಬ ಒಂದೇ ಮಾತಿನಿಂದ ಎರಡನ್ನೂ ಬಿಡಿಸಿಕೊಳ್ಳುವ ಬಗೆ

ಕೆಲವು ವರ್ಷಗಳ ಹಿಂದೆ ನನ್ನ ಸಂಜೆಯ ಇಂಗ್ಲಿಷ್ ತರಗತಿಗೆ ಬರುತ್ತಿದ್ದ ಹುಡುಗನೊಬ್ಬ ಕೆಲಸದ ಸಂದರ್ಶನವನ್ನು ಫೋನಿನಲ್ಲಿ ಎದುರಿಸಬೇಕಾಯಿತು. ಸಿಗ್ನಲ್ ಸರಿಯಿರಲಿಲ್ಲ, ಆ ಕಡೆಯಿಂದ ಮಾತನಾಡುತ್ತಿದ್ದ ಅಧಿಕಾರಿಯ ದನಿ ತುಂಡುತುಂಡಾಗಿ ಬರುತ್ತಿತ್ತು. ‘ಮೇಡಂ, ನಿಮ್ಮ ಮಾತು ಕೇಳಿಸುತ್ತಿಲ್ಲ’ ಎಂದು ಹೇಳುವುದು ಅವನ ಉದ್ದೇಶವಾಗಿತ್ತು. ಅವನು ಹೇಳಿದ್ದು ‘ಮೇಡಂ, ಐ ಆಮ್ ನಾಟ್ ಲಿಸನಿಂಗ್ ಯು’ ಎಂದು. ಇಂಗ್ಲಿಷಿನ ಬಳಕೆಯಿದ್ದವರ ಕಿವಿಗೆ ಅದು ‘ನಿಮ್ಮ ಮಾತಿಗೆ ನಾನು ಗಮನ ಕೊಡುತ್ತಿಲ್ಲ’ ಎಂದು ಕೇಳಿಸುತ್ತದೆ. ಸಂದರ್ಶನ ಎರಡೇ ನಿಮಿಷದಲ್ಲಿ ಮುಗಿಯಿತು. ಮರುದಿನ ಬಂದು ತರಗತಿಯ ಮೂಲೆಯಲ್ಲಿ ಕುಳಿತಿದ್ದ ಅವನ ಮುಖ ನನಗೆ ಇನ್ನೂ ನೆನಪಿದೆ. ಹಿರಿಯರೆದುರು ದನಿಯೇರಿಸಿ ಮಾತನಾಡಿದವನಲ್ಲ ಅವನು.

ಅಂದಿನಿಂದ ಈ ಎರಡು ಪದಗಳನ್ನು ನಾನು ಬೇರೆಯದೇ ರೀತಿಯಲ್ಲಿ ಕಲಿಸುತ್ತಿದ್ದೇನೆ. ‘ಹಿಯರ್ ಎಂದರೆ ಕೇಳು, ಲಿಸನ್ ಎಂದರೆ ಗಮನವಿಟ್ಟು ಕೇಳು’ ಎಂದು ಸಾಮಾನ್ಯವಾಗಿ ಹೇಳಿಕೊಡುತ್ತಾರೆ. ಅದು ತಪ್ಪೇನಲ್ಲ. ಆದರೆ ಮಾತನಾಡುವ ಗಡಿಬಿಡಿಯಲ್ಲಿ ಆ ವ್ಯಾಖ್ಯೆ ಕೈಗೆ ಸಿಗುವುದಿಲ್ಲ, ಏಕೆಂದರೆ ಎರಡು ಕಡೆಯೂ ‘ಕೇಳು’ ಎಂಬುದೇ ಕುಳಿತಿರುತ್ತದೆ. ಇಂಗ್ಲಿಷ್ ಎರಡು ಪದಗಳಲ್ಲಿ ತೋರಿಸುವ ವ್ಯತ್ಯಾಸವನ್ನು ಕನ್ನಡ ವಾಕ್ಯದ ಕಟ್ಟಿನಲ್ಲಿ ತೋರಿಸುತ್ತದೆ, ಮತ್ತು ಅದನ್ನು ನಾವು ಮೂರು ವರ್ಷದ ಮಗುವಾಗಿದ್ದಾಗಲೇ ಕಲಿತಿದ್ದೇವೆ. ಆದ್ದರಿಂದ ಕೆಳಗಿನ ಹೆಜ್ಜೆಗಳಲ್ಲಿ ಇಂಗ್ಲಿಷ್ ವ್ಯಾಕರಣಕ್ಕಿಂತ ಮೊದಲು ನಮ್ಮ ಕನ್ನಡದ ಮಾತನ್ನೇ ಬಿಡಿಸಿ ನೋಡೋಣ.

ಮೊದಲ ಹೆಜ್ಜೆ: ‘ಕೇಳು’ ಎಂಬುದನ್ನು ಬಿಡಿಸುವುದು

ಕನ್ನಡದ ‘ಕೇಳು’ ಹಲವು ಹೊರೆಗಳನ್ನು ಹೊತ್ತಿದೆ. ‘ಅಂಗಡಿಯವನನ್ನು ಬೆಲೆ ಕೇಳಿದೆ’ ಎಂಬಲ್ಲಿ ಅದು ಪ್ರಶ್ನಿಸುವುದು; ಇಂಗ್ಲಿಷಿನಲ್ಲಿ ‘ಆಸ್ಕ್’. ‘ಹತ್ತು ರೂಪಾಯಿ ಕೇಳಿದ’ ಎಂಬಲ್ಲಿ ಬೇಡುವುದು; ಅದೂ ‘ಆಸ್ಕ್ ಫಾರ್’. ಈ ಎರಡನ್ನು ಮೊದಲೇ ಪಕ್ಕಕ್ಕೆ ಇಡಿ. ಉಳಿಯುವುದು ಕಿವಿಗೆ ಸಂಬಂಧಿಸಿದ ಬಳಕೆಗಳು, ಮತ್ತು ಅವುಗಳಿಂದ ಹುಟ್ಟಿದ ‘ಹೇಳಿದಂತೆ ನಡೆದುಕೊಳ್ಳುವುದು’ ಎಂಬ ಅರ್ಥ. ‘ಈ ಹುಡುಗ ಯಾರ ಮಾತನ್ನೂ ಕೇಳುವುದಿಲ್ಲ’ ಎಂದು ಅಜ್ಜಿ ಹೇಳಿದರೆ ಹುಡುಗನ ಕಿವಿಯಲ್ಲಿ ದೋಷವಿದೆ ಎಂದು ಯಾರೂ ತಿಳಿಯುವುದಿಲ್ಲ. ಇಂಗ್ಲಿಷಿನಲ್ಲಿ ಇದು ಖಂಡಿತವಾಗಿ ‘ಲಿಸನ್’ ಪಾಲಿಗೆ ಸೇರಿದ್ದು: ‘ಹಿ ಡಸ್ನ್ಟ್ ಲಿಸನ್ ಟು ಎನಿಒನ್.’ ಇಲ್ಲಿ ‘ಹಿಯರ್’ ಹಾಕಿದರೆ ಹುಡುಗನನ್ನು ವೈದ್ಯರ ಬಳಿಗೆ ಕರೆದೊಯ್ಯಬೇಕೆಂಬ ಅರ್ಥ ಬರುತ್ತದೆ.

ಎರಡನೆಯ ಹೆಜ್ಜೆ: ‘ನನಗೆ’ ಬಂದಿತೋ, ‘ನಾನು’ ಬಂದಿತೋ ನೋಡುವುದು

ಇಡೀ ಮಾರ್ಗದರ್ಶಿಯಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳಬೇಕೆಂದರೆ ಈ ಹೆಜ್ಜೆಯನ್ನು ನೆನಪಿಟ್ಟುಕೊಳ್ಳಿ. ಈ ಎರಡು ವಾಕ್ಯಗಳನ್ನು ಜೋರಾಗಿ ಹೇಳಿ ನೋಡಿ.

ನನಗೆ ಮಳೆಯ ಸದ್ದು ಕೇಳಿಸಿತು.

ನಾನು ಮಳೆಯ ಸದ್ದನ್ನು ಕೇಳಿದೆ.

ಮೊದಲನೆಯದರಲ್ಲಿ ಸದ್ದೇ ಕರ್ತೃ. ಸದ್ದು ತಾನಾಗಿ ಬಂದು ನನ್ನನ್ನು ತಲುಪಿತು. ನಾನು ಮಾಡಿದ್ದು ಏನೂ ಇಲ್ಲ. ಆದ್ದರಿಂದಲೇ ಕ್ರಿಯಾಪದವು ನನ್ನನ್ನು ಅನುಸರಿಸದೆ ಸದ್ದನ್ನು ಅನುಸರಿಸಿ ‘ಕೇಳಿಸಿತು’ ಎಂದು ನಪುಂಸಕದಲ್ಲಿ ನಿಂತಿದೆ. ಇದು ‘ಹಿಯರ್’: ‘ಐ ಹರ್ಡ್ ದ ರೇನ್.’ ಎರಡನೆಯದರಲ್ಲಿ ನಾನೇ ಕರ್ತೃ. ಕಿಟಕಿಯ ಬಳಿ ನಿಂತು, ಬೇರೆ ಯೋಚನೆಯನ್ನು ಬಿಟ್ಟು, ಕಿವಿಯನ್ನು ಅತ್ತ ಹರಿಸಿದ್ದೇನೆ. ಇದು ‘ಲಿಸನ್’: ‘ಐ ಲಿಸನ್ಡ್ ಟು ದ ರೇನ್.’

ಫೋನಿನಲ್ಲಿ ನಾವು ದಿನವೂ ಆಡುವ ಮಾತಿನಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ‘ಹಲೋ, ಕೇಳ್ತಾ ಇದೆಯಾ?’ ಎಂದು ಒಬ್ಬರು ಕೇಳುತ್ತಾರೆ. ‘ಏನಪ್ಪಾ, ಕೇಳ್ತಾ ಇದ್ದೀಯಾ?’ ಎಂದು ಇನ್ನೊಬ್ಬರು ಕೇಳುತ್ತಾರೆ. ಒಂದೆರಡು ಅಕ್ಷರಗಳ ವ್ಯತ್ಯಾಸ. ‘ಇದೆಯಾ’ ಎಂಬುದು ದನಿಯ ಬಗ್ಗೆ, ಅಂದರೆ ಲೈನಿನ ಬಗ್ಗೆ ಕೇಳುವ ಪ್ರಶ್ನೆ. ‘ಇದ್ದೀಯಾ’ ಎಂಬುದು ಮನುಷ್ಯನ ಬಗ್ಗೆ, ಅವನ ಗಮನದ ಬಗ್ಗೆ ಕೇಳುವ ಪ್ರಶ್ನೆ. ಇಂಗ್ಲಿಷಿನಲ್ಲಿ ಮೊದಲನೆಯದು ‘ಕ್ಯಾನ್ ಯು ಹಿಯರ್ ಮಿ?’, ಎರಡನೆಯದು ‘ಆರ್ ಯು ಲಿಸನಿಂಗ್?’. ಸಿಗ್ನಲ್ ಪರೀಕ್ಷಿಸಲು ಮೇಲಧಿಕಾರಿಗೆ ‘ಆರ್ ಯು ಲಿಸನಿಂಗ್?’ ಎಂದರೆ, ಕನ್ನಡದಲ್ಲಿ ಅವರಿಗೆ ‘ಸರ್, ನಾನು ಹೇಳುವುದರ ಕಡೆ ಲಕ್ಷ್ಯ ಇದೆಯೋ ಇಲ್ಲವೋ?’ ಎಂದು ಕೇಳಿದಂತಾಗುತ್ತದೆ.

ಹಾಗಾಗಿ ಇಂಗ್ಲಿಷ್ ಪದ ಬಾಯಿಗೆ ಬರುವ ಮೊದಲು ಮನಸ್ಸಿನಲ್ಲಿ ಕನ್ನಡ ವಾಕ್ಯವನ್ನು ಕಟ್ಟಿ, ಅದರಲ್ಲಿ ‘ನನಗೆ, ನಿನಗೆ, ಅವರಿಗೆ’ ಬಂದರೆ ‘ಹಿಯರ್’ ಎಂದೂ, ‘ನಾನು, ನೀನು, ಅವರು’ ಬಂದರೆ ‘ಲಿಸನ್’ ಎಂದೂ ಹಿಡಿಯಿರಿ. ಹತ್ತರಲ್ಲಿ ಏಳೆಂಟು ಸಲ ಇದು ಸರಿಹೋಗುತ್ತದೆ. ಸರಿಹೋಗದ ಜಾಗಗಳನ್ನು ಐದನೆಯ ಹೆಜ್ಜೆಯಲ್ಲಿ ನೋಡೋಣ.

ನಡುವೆ ‘ಕೇಳಿಸಿಕೊಳ್ಳು’ ಎಂಬ ಒಂದು ರೂಪವಿದೆ. ಅದನ್ನು ಸ್ವಲ್ಪ ಎಚ್ಚರದಿಂದ ನೋಡಬೇಕು. ‘ಬಾಗಿಲ ಮರೆಯಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡ’ ಎಂದರೆ ಬೇಕೆಂದೇ ಮಾಡಿದ್ದು. ‘ಹಿ ಲಿಸನ್ಡ್ ಅಟ್ ದ ಡೋರ್’ ಎನ್ನಬೇಕು. ‘ಬಸ್ಸಿನಲ್ಲಿ ಹಿಂದಿನ ಸೀಟಿನವರು ಮಾತನಾಡುವುದನ್ನು ಕೇಳಿಸಿಕೊಂಡೆ’ ಎಂದರೆ ಬಹುಪಾಲು ತಾನಾಗಿ ಕಿವಿಗೆ ಬಿದ್ದದ್ದು. ಅದಕ್ಕೆ ‘ಓವರ್‌ಹಿಯರ್’ ಎಂಬ ಪ್ರತ್ಯೇಕ ಪದವೇ ಇದೆ. ಕನ್ನಡ ಇಲ್ಲಿ ಎರಡಕ್ಕೂ ಒಂದೇ ರೂಪವನ್ನು ಬಳಸುವುದರಿಂದ ‘ನಾನು’ ಬಂದಿತೆಂದು ಕಣ್ಣುಮುಚ್ಚಿ ‘ಲಿಸನ್’ ಹಾಕಬೇಡಿ. ಬೇಕೆಂದು ಕೇಳಿದ್ದೋ, ಕಿವಿಗೆ ಬಿದ್ದದ್ದೋ ಎಂದು ಕೇಳಿಕೊಳ್ಳಿ.

ಮೂರನೆಯ ಹೆಜ್ಜೆ: ‘ಲಿಸನ್’ ಜೊತೆಗೆ ‘ಟು’ ಸೇರಿಸುವುದು

‘ಲಿಸನ್ ಮಿ’, ‘ಐ ಆಮ್ ಲಿಸನಿಂಗ್ ಮ್ಯೂಸಿಕ್’ ಎಂಬ ವಾಕ್ಯಗಳನ್ನು ನಾನು ಪ್ರತಿ ಹೊಸ ತಂಡದಲ್ಲೂ ತಿದ್ದುತ್ತೇನೆ. ಈ ತಪ್ಪಿನ ಬೇರು ಅಸಡ್ಡೆಯಲ್ಲಿಲ್ಲ, ಕನ್ನಡದಲ್ಲಿದೆ. ನಾವು ‘ಹಾಡನ್ನು ಕೇಳಿದೆ’, ‘ಅವರ ಮಾತನ್ನು ಕೇಳಿದೆ’ ಎಂದು ದ್ವಿತೀಯಾ ವಿಭಕ್ತಿಯಲ್ಲಿ ಹೇಳುವುದರಿಂದ ಇಂಗ್ಲಿಷಿನಲ್ಲಿಯೂ ಕ್ರಿಯಾಪದದ ಪಕ್ಕಕ್ಕೆ ನೇರವಾಗಿ ವಸ್ತುವನ್ನು ಇಡುತ್ತೇವೆ.

ಇದಕ್ಕೆ ಮದ್ದೂ ಕನ್ನಡದಲ್ಲೇ ಇದೆ. ‘ಲಿಸನ್’ ಎಂಬುದನ್ನು ಇನ್ನು ಮುಂದೆ ‘ಕೇಳು’ ಎಂದು ಕಲಿಯಬೇಡಿ, ‘ಕಿವಿಗೊಡು’ ಎಂದು ಕಲಿಯಿರಿ. ಕಿವಿಗೊಡುವುದು ಯಾವುದಕ್ಕೆ? ಹಾಡಿಗೆ, ಮಾತಿಗೆ, ಹಿರಿಯರ ಬುದ್ಧಿವಾದಕ್ಕೆ. ಆ ‘ಗೆ’ ಮತ್ತು ‘ಕ್ಕೆ’ ಎಂಬ ಪ್ರತ್ಯಯವೇ ಇಂಗ್ಲಿಷಿನ ‘ಟು’. ‘ಹಾಡಿಗೆ ಕಿವಿಗೊಡು’ ಎಂದರೆ ‘ಲಿಸನ್ ಟು ದ ಸಾಂಗ್’. ‘ನನ್ನ ಮಾತಿಗೆ ಕಿವಿಗೊಡು’ ಎಂದರೆ ‘ಲಿಸನ್ ಟು ಮಿ’. ಹೀಗೆ ಒಮ್ಮೆ ಮನಸ್ಸಿನಲ್ಲಿ ಕೂರಿಸಿಕೊಂಡವರು ‘ಟು’ ಮರೆತದ್ದನ್ನು ನಾನು ಕಂಡದ್ದು ಬಹಳ ಕಡಿಮೆ. ‘ಹಿಯರ್’ ಪದಕ್ಕೆ ಮಾತ್ರ ಈ ‘ಟು’ ಬೇಡ: ‘ಐ ಹರ್ಡ್ ದ ಸಾಂಗ್’, ‘ಐ ಹರ್ಡ್ ಯು’.

ಕಿವಿಗೊಡಬೇಕಾದ ವಸ್ತುವನ್ನು ಹೇಳದೆಯೇ ಬಿಟ್ಟಾಗ ‘ಟು’ ಕೂಡ ಹೋಗುತ್ತದೆ. ‘ಲಿಸನ್!’ ಎಂದರೆ ‘ಕೇಳಿ ಇಲ್ಲಿ!’ ಎಂದಷ್ಟೇ. ‘ಲಿಸನ್ ಟು!’ ಎಂದು ನಿಲ್ಲಿಸಲಾಗದು. ಆದರೆ ಪ್ರಶ್ನೆಯಲ್ಲಿ ವಸ್ತು ‘ವಾಟ್’ ಎಂಬ ರೂಪದಲ್ಲಿ ಮುಂದೆ ಹೋಗಿ ಕುಳಿತಾಗ, ‘ಟು’ ಹಿಂದೆಯೇ ಉಳಿಯುತ್ತದೆ: ‘ವಾಟ್ ಆರ್ ಯು ಲಿಸನಿಂಗ್ ಟು?’. ‘ನಾನು ನಿನ್ನೆ ಕೇಳಿದ ಹಾಡು’ ಎಂಬುದೂ ಹೀಗೆಯೇ ‘ದ ಸಾಂಗ್ ಐ ಲಿಸನ್ಡ್ ಟು ಯೆಸ್ಟರ್‌ಡೇ’ ಆಗುತ್ತದೆ. ವಾಕ್ಯದ ಕೊನೆಯಲ್ಲಿ ಒಂಟಿಯಾಗಿ ನಿಂತ ಆ ‘ಟು’ ಕನ್ನಡದ ಕಿವಿಗೆ ಅಪೂರ್ಣವೆನಿಸುತ್ತದೆ, ಆದ್ದರಿಂದ ಚೆನ್ನಾಗಿ ಓದಿದವರೂ ಅದನ್ನು ಬಿಟ್ಟುಬಿಡುತ್ತಾರೆ. ಪ್ರಶ್ನೆಯನ್ನು ಹತ್ತು ಸಲ ಬಾಯಿಬಿಟ್ಟು ಹೇಳಿ ರೂಢಿಸಿಕೊಳ್ಳುವುದೇ ಇದಕ್ಕೆ ದಾರಿ.

ಇನ್ನೊಂದು ಉಪಸರ್ಗವೂ ಇದೆ. ‘ಲಿಸನ್ ಫಾರ್’ ಎಂದರೆ ಇನ್ನೂ ಬರದ, ಬರಲಿರುವ ಸದ್ದಿಗಾಗಿ ಕಿವಿ ತೆರೆದು ಕಾಯುವುದು. ಒಲೆಯ ಮೇಲೆ ಕುಕ್ಕರ್ ಇಟ್ಟು ಹಾಲಿಗೆ ಬಂದು ಕುಳಿತವರು ಮೂರನೆಯ ಕೂಗಿಗೆ ಕಾಯುತ್ತಾರಲ್ಲ, ಆಗ ಅವರು ಮಾಡುತ್ತಿರುವುದು ಇದೇ: ‘ಶಿ ಇಸ್ ಲಿಸನಿಂಗ್ ಫಾರ್ ದ ವಿಸಲ್.’ ಕುಕ್ಕರ್ ಕೂಗಿದಾಗ ‘ಶಿ ಹಿಯರ್ಸ್ ಇಟ್’. ಟಿವಿಯ ಗದ್ದಲದಲ್ಲಿ ಕೂಗು ಕಿವಿಗೆ ಬೀಳದೆ ಬೇಳೆ ತಳ ಹಿಡಿದರೆ, ಕಿವಿ ತೆರೆದಿದ್ದೂ ಕೇಳಿಸಲಿಲ್ಲ ಎಂದಾಯಿತು: ‘ಶಿ ಲಿಸನ್ಡ್ ಫಾರ್ ಇಟ್ ಬಟ್ ಡಿಡ್ನ್ಟ್ ಹಿಯರ್ ಇಟ್.’

ಎರಡೂ ಪದಗಳು ಒಟ್ಟಿಗೆ, ತಮ್ಮ ತಮ್ಮ ಜಾಗದಲ್ಲಿ ಕುಳಿತಿರುವುದನ್ನು ನಾನು ಅತ್ಯಂತ ಸ್ಪಷ್ಟವಾಗಿ ಕಂಡದ್ದು ತಾಯಿಯವರನ್ನು ಕಿವಿ ಪರೀಕ್ಷೆಗೆ ಕರೆದೊಯ್ದ ದಿನ. ದಪ್ಪ ಗೋಡೆಯ, ಹೊರಗಿನ ಸದ್ದು ಒಳಬಾರದ ಪುಟ್ಟ ಕೋಣೆಯಲ್ಲಿ ಅವರನ್ನು ಕೂರಿಸಿ, ಹೆಡ್‌ಫೋನ್ ಹಾಕಿ, ಕೈಗೆ ಒಂದು ಗುಂಡಿ ಕೊಟ್ಟರು. ‘ಅಮ್ಮಾ, ಸರಿಯಾಗಿ ಕಿವಿಗೊಟ್ಟು ಕೂತಿರಿ, ಎಷ್ಟೇ ಸಣ್ಣ ಸದ್ದಾದರೂ ಸರಿ, ಕೇಳಿಸಿದ ತಕ್ಷಣ ಗುಂಡಿ ಒತ್ತಿ’ ಎಂದು ಪರೀಕ್ಷೆ ಮಾಡುವ ಹುಡುಗಿ ಹೇಳಿದಳು. ಇದನ್ನೇ ಇಂಗ್ಲಿಷಿನಲ್ಲಿ ‘ಲಿಸನ್ ಕೇರ್‌ಫುಲಿ, ಅಂಡ್ ಪ್ರೆಸ್ ದ ಬಟನ್ ವೆನ್ ಯು ಹಿಯರ್ ದ ಬೀಪ್’ ಎನ್ನುತ್ತಾರೆ. ಕಿವಿಗೊಡುವುದು ತಾಯಿಯ ಕೈಯಲ್ಲಿತ್ತು. ಕೇಳಿಸುವುದು ಅವರ ಕೈಯಲ್ಲಿರಲಿಲ್ಲ, ಮತ್ತು ಆ ಪರೀಕ್ಷೆ ಅಳೆಯುತ್ತಿದ್ದುದು ಅದನ್ನೇ. ಅದಕ್ಕೇ ಅದರ ಹೆಸರು ‘ಹಿಯರಿಂಗ್ ಟೆಸ್ಟ್’.

‘ಲಿಸನಿಂಗ್ ಟೆಸ್ಟ್’ ಎಂಬುದು ಪೂರ್ತಿ ಬೇರೆ. ವಿದೇಶದಲ್ಲಿ ಓದಲು ಅಥವಾ ಬ್ರಿಟನ್ನಿನಲ್ಲಿ ನರ್ಸ್ ಕೆಲಸಕ್ಕೆ ಸೇರಲು ನಮ್ಮ ಹುಡುಗ ಹುಡುಗಿಯರು ಬರೆಯುವ ಐಇಎಲ್‌ಟಿಎಸ್ ಪರೀಕ್ಷೆಯಲ್ಲಿ ‘ಲಿಸನಿಂಗ್’ ಎಂಬ ಭಾಗವಿದೆ. ಸುಮಾರು 30 ನಿಮಿಷಗಳ ಧ್ವನಿಮುದ್ರಣ, 4 ವಿಭಾಗಗಳು, 40 ಪ್ರಶ್ನೆಗಳು, ಮತ್ತು ಧ್ವನಿಯನ್ನು ಒಂದೇ ಸಲ ಕೇಳಿಸುತ್ತಾರೆ. ಅಲ್ಲಿ ಅಳೆಯುವುದು ಕೇಳಿದ್ದನ್ನು ಗ್ರಹಿಸುವ ಶಕ್ತಿಯನ್ನು. ‘ನಾಳೆ ನನಗೆ ಹಿಯರಿಂಗ್ ಟೆಸ್ಟ್ ಇದೆ’ ಎಂದು ಗೆಳೆಯರಿಗೆ ಇಂಗ್ಲಿಷಿನಲ್ಲಿ ಬರೆದರೆ, ಅವರು ನಿಮ್ಮ ಕಿವಿಗೇನಾಯಿತೆಂದು ವಿಚಾರಿಸುತ್ತಾರೆ.

ನಾಲ್ಕನೆಯ ಹೆಜ್ಜೆ: ‘ಐ ಆಮ್ ಹಿಯರಿಂಗ್’ ಎಂಬುದನ್ನು ‘ಐ ಕ್ಯಾನ್ ಹಿಯರ್’ ಮಾಡುವುದು

ಕನ್ನಡದಲ್ಲಿ ‘ಕೇಳಿಸುತ್ತಿದೆ’ ಎಂದು ನಡೆಯುತ್ತಿರುವ ಕಾಲದಲ್ಲಿ ಹೇಳುವುದು ಸಹಜ. ಅದರ ನೆರಳಿನಲ್ಲಿ ‘ಐ ಆಮ್ ಹಿಯರಿಂಗ್ ಯು’ ಎಂದುಬಿಡುತ್ತೇವೆ. ಇಂಗ್ಲಿಷಿನಲ್ಲಿ ತಾನಾಗಿ ಒದಗುವ ಇಂದ್ರಿಯಾನುಭವವನ್ನು ಒಂದು ಸ್ಥಿತಿಯೆಂದು ನೋಡುತ್ತಾರೆ, ಮಾಡುತ್ತಿರುವ ಕೆಲಸವೆಂದು ನೋಡುವುದಿಲ್ಲ. ಆದ್ದರಿಂದ ಅದಕ್ಕೆ ಸಾಮಾನ್ಯವಾಗಿ ‘ಇಂಗ್’ ರೂಪ ಒಗ್ಗುವುದಿಲ್ಲ. ಈ ಕ್ಷಣದಲ್ಲಿ ಕೇಳಿಸುತ್ತಿದೆ ಎನ್ನಲು ‘ಐ ಕ್ಯಾನ್ ಹಿಯರ್ ಯು’, ಕೇಳಿಸುತ್ತಿಲ್ಲ ಎನ್ನಲು ‘ಐ ಕಾಂಟ್ ಹಿಯರ್ ಯು’ ಎನ್ನಬೇಕು. ‘ಲಿಸನ್’ ಮಾತ್ರ ಕೆಲಸ. ಅದು ‘ಐ ಆಮ್ ಲಿಸನಿಂಗ್’ ಎಂದು ಧಾರಾಳವಾಗಿ ಬರುತ್ತದೆ.

ನನ್ನ ಆ ಹುಡುಗ ಹೇಳಬೇಕಾಗಿದ್ದದ್ದು ‘ಮೇಡಂ, ಐ ಕಾಂಟ್ ಹಿಯರ್ ಯು ಪ್ರಾಪರ್ಲಿ’ ಎಂಬ ವಾಕ್ಯ. ಇದನ್ನೂ ‘ಕ್ಯಾನ್ ಯು ಹಿಯರ್ ಮಿ ನೌ?’ ಎಂಬುದನ್ನೂ ಫೋನ್ ಸಂದರ್ಶನಕ್ಕೆ ಹೋಗುವ ಪ್ರತಿಯೊಬ್ಬರಿಂದಲೂ ನಾನು ಬಾಯಿಪಾಠ ಮಾಡಿಸುತ್ತೇನೆ. ಅರ್ಥ ತಿಳಿದು ಬಾಯಿಪಾಠ ಮಾಡಿದ್ದು ಗಾಬರಿಯಲ್ಲೂ ಕೈಬಿಡುವುದಿಲ್ಲ.

ಐದನೆಯ ಹೆಜ್ಜೆ: ಸೂತ್ರ ಸೋಲುವ ಜಾಗಗಳನ್ನು ಗುರುತಿಸುವುದು

‘ನನಗೆ’, ‘ನಾನು’ ಎಂಬ ಪರೀಕ್ಷೆ ಕೈಕೊಡುವುದು ಮುಖ್ಯವಾಗಿ ಮೂರು ಕಡೆ, ಮತ್ತು ಈ ಮೂರೂ ಕಡೆ ಕನ್ನಡದಲ್ಲಿ ‘ನಾನು’ ಬಂದರೂ ಇಂಗ್ಲಿಷ್ ‘ಹಿಯರ್’ ಪದವನ್ನೇ ಬಯಸುತ್ತದೆ.

ಒಂದನೆಯದು ಸುದ್ದಿ. ‘ಅವರಿಗೆ ವರ್ಗವಾಯಿತೆಂದು ಕೇಳಿದೆ’ ಎನ್ನುವಾಗ ನಾವು ಕರ್ತೃಸ್ಥಾನದಲ್ಲಿ ನಿಲ್ಲುತ್ತೇವೆ, ಆದರೂ ಸುದ್ದಿ ತಾನಾಗಿಯೇ ಬಂದದ್ದು. ‘ಐ ಹರ್ಡ್ ದಟ್ ಹಿ ಹ್ಯಾಸ್ ಬೀನ್ ಟ್ರಾನ್ಸ್‌ಫರ್ಡ್.’ ಇಲ್ಲಿ ವ್ಯಾಕರಣದ ಬೇಲಿಯೂ ಇದೆ: ‘ದಟ್’ ಎಂದು ಶುರುವಾಗುವ ಉಪವಾಕ್ಯದ ಹಿಂದೆ ‘ಲಿಸನ್’ ನಿಲ್ಲಲಾರದು. ಕನ್ನಡ ವಾಕ್ಯದಲ್ಲಿ ‘ಎಂದು’ ಅಥವಾ ‘ಅಂತ’ ಬಂದರೆ ಯೋಚಿಸದೆ ‘ಹಿಯರ್’ ಹಾಕಿ.

ಎರಡನೆಯದು ನನಗೆ ಬಹಳ ಇಷ್ಟವಾದದ್ದು. ಧಾರವಾಡದ ಹಿರಿಯರೊಬ್ಬರು ‘ನಾವು ಮಲ್ಲಿಕಾರ್ಜುನ ಮನ್ಸೂರರನ್ನು ಕೇಳಿದವರು’ ಎಂದರೆ ಆ ಮಾತಿನಲ್ಲಿ ಒಂದು ಹೆಮ್ಮೆಯಿರುತ್ತದೆ. 1992ರಲ್ಲಿ ತೀರಿಕೊಂಡ ಆ ಗಾಯಕರೆದುರು ಕುಳಿತವರು ಕಿವಿಗೊಟ್ಟೇ ಕುಳಿತಿದ್ದರು, ಅದರಲ್ಲಿ ಸಂದೇಹವಿಲ್ಲ. ಹಾಗಿದ್ದರೂ ಇಂಗ್ಲಿಷಿನಲ್ಲಿ ‘ವಿ ಹ್ಯಾವ್ ಹರ್ಡ್ ಮನ್ಸೂರ್’ ಎಂದೇ ಹೇಳಬೇಕು. ಏಕೆಂದರೆ ಇಲ್ಲಿ ಕಿವಿಗೊಡುವ ಕ್ರಿಯೆ ಮುಖ್ಯವಲ್ಲ. ಆ ಅನುಭವ ಒಟ್ಟಾಗಿ ನಮ್ಮ ಪಾಲಿಗೆ ಬಂತು, ನಮ್ಮದಾಯಿತು ಎಂಬುದು ಮುಖ್ಯ. ‘ಹ್ಯಾವ್ ಯು ಹರ್ಡ್ ದಿಸ್ ಸಾಂಗ್?’ ಎಂದರೆ ಈ ಹಾಡಿನ ಪರಿಚಯ ನಿನಗಿದೆಯೇ ಎಂದು. ‘ಡಿಡ್ ಯು ಲಿಸನ್ ಟು ದ ಸಾಂಗ್?’ ಎಂದರೆ ನಾನು ಕಳಿಸಿದ ಹಾಡನ್ನು ಹಾಕಿಕೊಂಡು ಕೇಳಿದೆಯಾ ಎಂದು. ಸಂಗೀತ ಕಛೇರಿಗೆ, ಭಾಷಣಕ್ಕೆ, ಉಪನ್ಯಾಸಕ್ಕೆ ಹೋಗಿದ್ದನ್ನು ಒಂದು ಘಟನೆಯಾಗಿ ಹೇಳುವಾಗ ‘ಹಿಯರ್’. ಹೋಗಿ ಕುಳಿತ ಮೇಲೆ ಹೊತ್ತಿನ ಹರಿವಿನಲ್ಲಿ ಮಾಡಿದ ಕೆಲಸವನ್ನು ಹೇಳುವಾಗ ‘ಲಿಸನ್’. ‘ವಿ ಹರ್ಡ್ ಹಿಮ್ ಇನ್ ಧಾರವಾಡ್’, ಆದರೆ ‘ವಿ ಲಿಸನ್ಡ್ ಟು ಹಿಮ್ ಫಾರ್ ತ್ರೀ ಅವರ್ಸ್’. ‘ಎಷ್ಟು ಹೊತ್ತು’ ಎಂಬ ಪ್ರಶ್ನೆ ಒಪ್ಪುವ ಕಡೆ ಹೆಚ್ಚಾಗಿ ‘ಲಿಸನ್’ ಸರಿ.

ಮೂರನೆಯದು ಕಚೇರಿ ಮತ್ತು ನ್ಯಾಯಾಲಯದ ಭಾಷೆ. ನ್ಯಾಯಾಧೀಶರು ಪ್ರಕರಣಕ್ಕೆ ಪೂರ್ತಿ ಗಮನ ಕೊಡಬೇಕಾದವರು, ಆದರೂ ಅವರು ಮಾಡುವುದು ‘ಹಿಯರಿಂಗ್’. ಇಲ್ಲಿ ಆ ಪದಕ್ಕೆ ‘ಅಧಿಕೃತವಾಗಿ ವಿಚಾರಿಸು’ ಎಂಬ ಅರ್ಥವಿದೆ, ನಾವು ಅದನ್ನು ‘ವಿಚಾರಣೆ’ ಎನ್ನುತ್ತೇವೆ. ಆಗ ‘ದ ಕೋರ್ಟ್ ಇಸ್ ಹಿಯರಿಂಗ್ ದ ಕೇಸ್’ ಎಂದು ‘ಇಂಗ್’ ರೂಪವೂ ಬರಬಹುದು. ನಾಲ್ಕನೆಯ ಹೆಜ್ಜೆಯ ನಿಯಮ ಇಲ್ಲಿ ಸಡಿಲವಾಗುವುದಕ್ಕೆ ಕಾರಣ ಸ್ಪಷ್ಟ: ಇದು ಕಿವಿಗೆ ಬೀಳುವ ಸ್ಥಿತಿಯಲ್ಲ, ನಡೆಸುವ ಕಲಾಪ. 2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯ ಪ್ರಕಾರ ದೊಡ್ಡ ಯೋಜನೆಗಳಿಗೆ ಮೊದಲು ಊರವರ ಅಭಿಪ್ರಾಯ ಪಡೆಯಲು ನಡೆಸುವ ಸಭೆಯನ್ನು ಇಂಗ್ಲಿಷಿನಲ್ಲಿ ‘ಪಬ್ಲಿಕ್ ಹಿಯರಿಂಗ್’ ಎನ್ನುತ್ತಾರೆ. ಕನ್ನಡದ ಪ್ರಕಟಣೆಗಳಲ್ಲಿ ‘ಸಾರ್ವಜನಿಕ ಆಲಿಕೆ’ ಎಂದು ಕಾಣುತ್ತದೆ. ‘ಆಲಿಸು’ ಎಂದರೆ ಗಮನವಿಟ್ಟು ಕೇಳುವುದು, ಅಂದರೆ ‘ಲಿಸನ್’ ಬದಿಯ ಪದ. ಇಂಗ್ಲಿಷ್ ಹೆಸರು ‘ನಿಮ್ಮ ಮಾತು ದಾಖಲೆಗೆ ಬರುತ್ತದೆ’ ಎಂದಷ್ಟೇ ಹೇಳಿದರೆ, ಕನ್ನಡದ ಹೆಸರು ‘ನಿಮ್ಮ ಮಾತಿಗೆ ಕಿವಿಗೊಡುತ್ತೇವೆ’ ಎಂದು ಹೇಳುತ್ತದೆ. ಭೂಮಿ ಕಳೆದುಕೊಳ್ಳಲಿರುವ ರೈತನಿಗೆ ಈ ಎರಡರ ನಡುವಿನ ಅಂತರ ವ್ಯಾಕರಣದ ಅಂತರವಲ್ಲ. ಅನುವಾದಕರು ಆರಿಸಿದ ಈ ಪದ ಒಳ್ಳೆಯದೆಂದೇ ನನ್ನ ಅಭಿಪ್ರಾಯ. ಸಭೆ ನಡೆಸುವವರು ಅದಕ್ಕೆ ತಕ್ಕಂತೆ ನಡೆದುಕೊಳ್ಳಬೇಕಷ್ಟೆ.

ಇದಕ್ಕೆ ಎದುರಾದ ಉದಾಹರಣೆಯೂ ಇದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಇಂಗ್ಲಿಷ್ ಹೆಸರಿನಲ್ಲಿ ‘ಹಿಯರಿಂಗ್’ ಎಂದಿದೆ, ಕನ್ನಡದ ಹೆಸರಿನಲ್ಲಿ ‘ಶ್ರವಣ’ ಎಂದಿದೆ. ‘ಶ್ರವಣ, ಮನನ, ನಿದಿಧ್ಯಾಸನ’ ಎಂದು ಹೇಳುವ ಸಂಪ್ರದಾಯದಲ್ಲಿ ಶ್ರವಣವೆಂದರೆ ಗುರುವಿನ ಮಾತಿಗೆ ಶ್ರದ್ಧೆಯಿಂದ ಕಿವಿಗೊಡುವುದು, ಆದರೆ ‘ಶ್ರವಣದೋಷ’, ‘ಶ್ರವಣ ಸಾಧನ’ ಎಂಬಲ್ಲಿ ಅದು ಕಿವಿಯ ಶಕ್ತಿ ಮಾತ್ರ. ಒಂದು ವಿಷಯವನ್ನು ಇಲ್ಲಿ ಹೇಳದೆ ಮುಂದೆ ಹೋಗಲು ಮನಸ್ಸು ಬರುತ್ತಿಲ್ಲ: ‘ಲಿಸನ್’ ಎಂಬ ಇಂಗ್ಲಿಷ್ ಪದವೂ ಸಂಸ್ಕೃತದ ‘ಶ್ರು’ ಧಾತುವೂ ಒಂದೇ ಇಂಡೋ-ಯುರೋಪಿಯನ್ ಮೂಲದಿಂದ ಬಂದ ನೆಂಟರು. ಶ್ರುತಿ, ಶ್ರೋತೃ, ವಿಶ್ರುತ ಎಂಬ ನಮಗೆ ಪರಿಚಿತವಾದ ಪದಗಳ ದೂರದ ತಂಗಿ ಈ ‘ಲಿಸನ್’.

ಆರನೆಯ ಹೆಜ್ಜೆ: ‘ಇಲ್ಲ’ ಎನ್ನುವಾಗ ಎರಡು ಪಟ್ಟು ಎಚ್ಚರ

ಇದು ಚಿಕ್ಕ ಹೆಜ್ಜೆ, ಆದರೆ ಮನಸ್ತಾಪಗಳು ಹುಟ್ಟುವುದು ಇಲ್ಲಿಯೇ. ‘ಐ ಡಿಡ್ನ್ಟ್ ಹಿಯರ್ ಯು’ ಎಂದರೆ ‘ನಿಮ್ಮ ಮಾತು ನನಗೆ ಕೇಳಿಸಲಿಲ್ಲ’. ಇದರಲ್ಲಿ ಯಾರ ತಪ್ಪೂ ಇಲ್ಲ, ವಿನಯವಿದೆ. ‘ಐ ವಾಸ್ನ್ಟ್ ಲಿಸನಿಂಗ್’ ಎಂದರೆ ‘ನನ್ನ ಗಮನ ಬೇರೆ ಕಡೆ ಇತ್ತು’ ಎಂದು ತಪ್ಪೊಪ್ಪಿಕೊಂಡಂತೆ. ‘ಐ ಡಿಡ್ನ್ಟ್ ಲಿಸನ್ ಟು ಯು’ ಎಂದರೆ ‘ನೀವು ಹೇಳಿದ ಹಾಗೆ ನಾನು ನಡೆಯಲಿಲ್ಲ’. ‘ಅಪ್ಪನ ಮಾತು ಕೇಳಬೇಕಿತ್ತು’ ಎಂಬ ಪಶ್ಚಾತ್ತಾಪಕ್ಕೆ ‘ಐ ಶುಡ್ ಹ್ಯಾವ್ ಲಿಸನ್ಡ್ ಟು ಮೈ ಫಾದರ್’ ಎನ್ನಬೇಕು. ತರಗತಿಯಲ್ಲಿ ಪಾಠ ಮತ್ತೊಮ್ಮೆ ಹೇಳಬೇಕೆಂದು ಕೇಳುವ ವಿದ್ಯಾರ್ಥಿ ‘ಸಾರಿ ಸರ್, ಐ ಡಿಡ್ನ್ಟ್ ಹಿಯರ್ ದಟ್’ ಎಂದರೆ ಸಾಕು. ಅಲ್ಲಿ ‘ಲಿಸನ್’ ಹಾಕಿದರೆ ಮಾಡದ ತಪ್ಪನ್ನು ತಲೆಯ ಮೇಲೆ ಹೊತ್ತುಕೊಂಡಂತಾಗುತ್ತದೆ.

ಏಳನೆಯ ಹೆಜ್ಜೆ: ‘ಹಿಯರ್’ ಜೊತೆಗೆ ಬರುವ ಪುಟ್ಟ ಪದಗಳು

‘ಹಿಯರ್ ಫ್ರಮ್’ ಎಂದರೆ ಒಬ್ಬರಿಂದ ಪತ್ರವೋ ಕರೆಯೋ ಉತ್ತರವೋ ಬರುವುದು. ‘ಹಿಯರ್ ಆಫ್’ ಎಂದರೆ ಅಂಥದ್ದೊಂದು ಇದೆ ಎಂದು ತಿಳಿದಿರುವುದು. ‘ಆ ಊರಿನ ಹೆಸರನ್ನೇ ಕೇಳಿಲ್ಲ’ ಎಂಬುದು ‘ಐ ಹ್ಯಾವ್ ನೆವರ್ ಹರ್ಡ್ ಆಫ್ ದಟ್ ಪ್ಲೇಸ್’. ‘ಹಿಯರ್ ಅಬೌಟ್’ ಎಂದರೆ ಆದದ್ದರ ವಿವರ ತಿಳಿಯುವುದು. ‘ಹಿಯರ್ ಮಿ ಔಟ್’ ಎಂದರೆ ನನ್ನ ಮಾತನ್ನು ಪೂರ್ತಿ ಮುಗಿಸಲು ಬಿಡಿ ಎಂದು ಬೇಡಿಕೊಳ್ಳುವುದು.

ಇವುಗಳಲ್ಲಿ ಅರ್ಜಿಯ ಕೊನೆಯ ಸಾಲಾಗಿ ಬರುವ ‘ಹಿಯರ್ ಫ್ರಮ್’ ಬಗ್ಗೆ ಒಂದು ಮಾತು. ‘ಐ ಲುಕ್ ಫಾರ್ವರ್ಡ್ ಟು ಹಿಯರ್ ಫ್ರಮ್ ಯು’ ಎಂದು ಬರೆದ ಅರ್ಜಿಗಳನ್ನು ನಾನು ಲೆಕ್ಕವಿಲ್ಲದಷ್ಟು ತಿದ್ದಿದ್ದೇನೆ. ಅಲ್ಲಿನ ‘ಟು’ ಕ್ರಿಯಾಪದದ ಭಾಗವಲ್ಲ. ಅದು ಕನ್ನಡದ ‘ಗೆ, ಕ್ಕೆ’ ಪ್ರತ್ಯಯದಂಥದ್ದು. ‘ನಿಮ್ಮ ಉತ್ತರಕ್ಕೆ ಎದುರುನೋಡುತ್ತೇನೆ’ ಎನ್ನುವಾಗ ‘ಕ್ಕೆ’ ಹಿಂದೆ ‘ಉತ್ತರ’ ಎಂಬ ನಾಮಪದ ಬರುವಂತೆ, ಆ ‘ಟು’ ಪಕ್ಕದಲ್ಲಿಯೂ ನಾಮಪದದಂಥ ರೂಪ ಬೇಕು: ‘ಐ ಲುಕ್ ಫಾರ್ವರ್ಡ್ ಟು ಹಿಯರಿಂಗ್ ಫ್ರಮ್ ಯು.’

ಎಂಟನೆಯ ಹೆಜ್ಜೆ: ಉಚ್ಚಾರ

‘ಲಿಸನ್’ ಪದವನ್ನು ಬರೆಯುವಾಗ ನಡುವೆ ‘ಟಿ’ ಅಕ್ಷರವಿದೆ, ಉಚ್ಚರಿಸುವಾಗ ಇಲ್ಲ. ‘ವಿಸಲ್’, ‘ಕಾಸಲ್’ ಪದಗಳಲ್ಲಿಯೂ ಹೀಗೆಯೇ. ಅದರ ಭೂತಕಾಲ ‘ಲಿಸನ್ಡ್’, ‘ಲಿಸನೆಡ್’ ಅಲ್ಲ. ‘ಹಿಯರ್’ ಪದದ ಭೂತಕಾಲ ‘ಹಿಯರ್ಡ್’ ಅಲ್ಲ. ‘ಬರ್ಡ್’, ‘ವರ್ಡ್’ ಪದಗಳಿಗೆ ಪ್ರಾಸವಾಗುವಂತೆ ‘ಹರ್ಡ್’ ಎನ್ನಬೇಕು. ಕೇಳಿಸುವ ‘ಹಿಯರ್’ ಮತ್ತು ‘ಇಲ್ಲಿ’ ಎಂಬ ಅರ್ಥದ ‘ಹಿಯರ್’ ಎರಡರ ಉಚ್ಚಾರವೂ ಒಂದೇ. ಕಾಗುಣಿತದಲ್ಲಿ ಗೊಂದಲವಾದರೆ, ಕೇಳಿಸುವ ‘ಹಿಯರ್’ ಒಳಗೆ ಕಿವಿ ಎಂಬ ಅರ್ಥದ ‘ಇಯರ್’ ಪೂರ್ತಿಯಾಗಿ ಅಡಗಿದೆ ಎಂಬುದನ್ನು ನೆನೆಸಿಕೊಳ್ಳಿ.

ಒಂಬತ್ತನೆಯ ಹೆಜ್ಜೆ: ಒಂದು ವಾರದ ಅಭ್ಯಾಸ

ಬೆಳಿಗ್ಗೆ ಎದ್ದು ಕಣ್ಣುಬಿಡುವ ಮೊದಲು ಐದು ನಿಮಿಷ ಹಾಸಿಗೆಯಲ್ಲೇ ಇದ್ದು, ತಾವಾಗಿ ಬಂದು ಕಿವಿಗೆ ಬೀಳುವ ಸದ್ದುಗಳನ್ನು ಎಣಿಸಿ: ಹಾಲಿನವನ ಸೈಕಲ್ ಬೆಲ್ಲು, ಪಕ್ಕದ ಮನೆಯ ನಲ್ಲಿ, ದೂರದ ಸುಪ್ರಭಾತ. ಪ್ರತಿಯೊಂದಕ್ಕೂ ‘ಐ ಕ್ಯಾನ್ ಹಿಯರ್’ ಎಂದು ಆರಂಭಿಸಿ ಒಂದು ವಾಕ್ಯ ಹೇಳಿಕೊಳ್ಳಿ. ಆಮೇಲೆ ಅವುಗಳಲ್ಲಿ ಒಂದನ್ನು ಮಾತ್ರ ಆರಿಸಿಕೊಂಡು, ಉಳಿದವನ್ನು ಬಿಟ್ಟು, ಅದರ ಮೇಲೆ ಗಮನ ನಿಲ್ಲಿಸಿ. ಗಮನ ಹರಿದ ಆ ಕ್ಷಣದಲ್ಲಿ ‘ನೌ ಐ ಆಮ್ ಲಿಸನಿಂಗ್ ಟು ಇಟ್’ ಎನ್ನಿ. ಒಂದು ಕ್ರಿಯಾಪದದಿಂದ ಇನ್ನೊಂದಕ್ಕೆ ದಾಟುವುದು ಮೈಗೆ ಗೊತ್ತಾಗಬೇಕು; ಪುಸ್ತಕದ ಅಭ್ಯಾಸಗಳಿಂದ ಆಗದ್ದು ಇದರಿಂದ ಆಗುವುದನ್ನು ನಾನು ನೋಡಿದ್ದೇನೆ.

ಸಂಜೆ ಹತ್ತು ನಿಮಿಷ ರೇಡಿಯೊದಲ್ಲಿ ಇಂಗ್ಲಿಷ್ ವಾರ್ತೆ ಹಾಕಿಕೊಳ್ಳಿ. ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದ ಕಾಲದಿಂದ ರೇಡಿಯೊ ನಮ್ಮ ನಾಡಿನದೇ ವಸ್ತುವಾಗಿದೆ, ಮತ್ತು ರೇಡಿಯೊದವರು ನಮ್ಮನ್ನು ‘ಕೇಳುಗರೇ’ ಎಂದು ಕರೆಯುವಾಗ ಆ ಪದಕ್ಕೆ ಇಂಗ್ಲಿಷಿನಲ್ಲಿ ‘ಲಿಸನರ್ಸ್’ ಎಂಬುದೇ ಸಮನಾದದ್ದು. ರೇಡಿಯೊ ಹಾಕಿದವರು ಬೇಕೆಂದೇ ಹಾಕಿದವರು. ವಾರ್ತೆ ಮುಗಿದ ಮೇಲೆ, ತಿಳಿದ ಮೂರು ಸುದ್ದಿಗಳನ್ನು ‘ಐ ಹರ್ಡ್ ದಟ್’ ಎಂದು ಆರಂಭಿಸಿ ಬರೆಯಿರಿ.

ವಾರದ ಕೊನೆಯಲ್ಲಿ ಈ ಒಂದು ಕನ್ನಡ ವಾಕ್ಯವನ್ನು ಇಂಗ್ಲಿಷಿಗೆ ತಂದು ನೋಡಿ: ‘ಮಳೆಯ ಸದ್ದು ಕೇಳುತ್ತಾ ಮಲಗಿದ್ದೆ, ಅಮ್ಮ ಕೂಗಿದ್ದು ಕೇಳಲಿಲ್ಲ.’ ಎರಡೂ ಕಡೆ ‘ಕೇಳು’ ಎಂಬ ಧಾತುವೇ ಇದೆ, ‘ನಾನು’ ಎಂಬುದಾಗಲಿ ‘ನನಗೆ’ ಎಂಬುದಾಗಲಿ ಎಲ್ಲಿಯೂ ಕಾಣುವುದಿಲ್ಲ. ಅಡಗಿರುವುದನ್ನು ಹೊರಗೆಳೆಯಿರಿ. ‘ನಾನು ಮಳೆಯ ಸದ್ದು ಕೇಳುತ್ತಾ ಮಲಗಿದ್ದೆ, ಅಮ್ಮ ಕೂಗಿದ್ದು ನನಗೆ ಕೇಳಲಿಲ್ಲ.’ ಈಗ ಉತ್ತರ ತಾನಾಗಿ ಬರುತ್ತದೆ: ‘ಐ ಲೇ ಲಿಸನಿಂಗ್ ಟು ದ ರೇನ್ ಅಂಡ್ ಡಿಡ್ನ್ಟ್ ಹಿಯರ್ ಮೈ ಮದರ್ ಕಾಲ್.’ ಕೊನೆಯ ಪದ ‘ಕಾಲ್ಡ್’ ಆಗದೆ ‘ಕಾಲ್’ ಎಂದು ಉಳಿದಿರುವುದನ್ನು ಗಮನಿಸಿ. ಒಬ್ಬರು ಮಾಡಿದ್ದು ನಮಗೆ ಕೇಳಿಸಿತು ಅಥವಾ ಕೇಳಿಸಲಿಲ್ಲ ಎಂದು ಈ ಬಗೆಯಲ್ಲಿ ಹೇಳುವಾಗ ‘ಹಿಯರ್’ ನಂತರದ ಎರಡನೆಯ ಕ್ರಿಯಾಪದವು ಕಾಲಸೂಚಕವನ್ನು ಕಳಚಿಟ್ಟು ಮೂಲರೂಪದಲ್ಲೇ ನಿಲ್ಲುತ್ತದೆ.